ಕಂಬಂ ಕಣಿವೆಯಿಂದ ಕಂಡ ಲಂಡನ್ ಮಹಾನಗರ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಶಾಲೆಯ ಹಳೆಯ ನೆನಪುಗಳನ್ನೇ ಬರೆಯೋಣವೆಂದು ಮೊದಲು ಎಣಿಸಿದ್ದೆನು. ಆದರೆ ಆ ಕೆಲಸವನ್ನು ನನಗಿಂತ ಸೊಗಸಾಗಿ ಮಾಡಬಲ್ಲ ಹಳೆಯ ವಿದ್ಯಾರ್ಥಿಗಳು ಅನೇಕರಿದ್ದಾರೆ. ನಾನು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಇಲ್ಲಿ ಚರಿತ್ರೆಯನ್ನೂ ಭೂಗೋಳವನ್ನೂ ಬೋಧಿಸಿದವನು. ಕಣ್ಣಿನಿಂದ ಕಾಣದ ಊರುಗಳನ್ನು ಕಂಡವನಂತೆ ವರ್ಣಿಸಿದವನು. ಪಠ್ಯಪುಸ್ತಕದ ಒಂದು ಮಸುಕು ಚಿತ್ರವನ್ನು ಮುಂದಿಟ್ಟುಕೊಂಡು ಲಂಡನ್ ನಗರವನ್ನು ಎಷ್ಟು ಸಲ ವರ್ಣಿಸಿದೆನೋ ಲೆಕ್ಕವಿಲ್ಲ. 2023ರ ಬೇಸಿಗೆಯಲ್ಲಿ ಮಗಳ ಮನೆಯಲ್ಲಿ ಎರಡು ತಿಂಗಳು ಉಳಿದು ಆ ನಗರವನ್ನು ನೋಡುವ ಯೋಗ ನನಗೆ ಒದಗಿತು. ತರಗತಿಯಲ್ಲಿ ನಾನು ಹೇಳಿದ್ದ ಮಾತುಗಳಲ್ಲಿ ಕೆಲವು ತಪ್ಪೆಂಬುದು ಆಗ ತಿಳಿಯಿತು. ಅಂದಿನ ಮಕ್ಕಳು ಇಂದು ಈ ಸಂಚಿಕೆಯ ಓದುಗರಾಗಿರುವುದರಿಂದ, ತಿದ್ದುಪಡಿಗೆ ಇದಕ್ಕಿಂತ ತಕ್ಕ ಸಮಯ ಮತ್ತೊಂದಿಲ್ಲ.

ನನ್ನ ಹುಟ್ಟೂರು ತೇನಿಯ ಕಡೆಯದೆಂಬುದು ಹಳೆಯ ಸಹೋದ್ಯೋಗಿಗಳಿಗೆ ಗೊತ್ತು. ಪಶ್ಚಿಮ ಘಟ್ಟಗಳ ಮಡಿಲಿನಲ್ಲಿರುವ ಕಂಬಂ ಕಣಿವೆಯಲ್ಲಿ ಕನ್ನಡವನ್ನಾಡುವ ಒಕ್ಕಲಿಗರು ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು ಬಂದಿದ್ದಾರೆ. ಅವರನ್ನು ಅಲ್ಲಿ ಕಾಪ್ಪಿಲಿಯರ್ ಎಂದು ಕರೆಯುತ್ತಾರೆ. ಬೋಡಿನಾಯಕನೂರಿನಲ್ಲಿಯೂ ದಿಂಡಿಗಲ್ಲಿನ ಬಳಿಯ ಚಿನ್ನಾಳಪಟ್ಟಿಯಲ್ಲಿಯೂ ಕನ್ನಡ ಮನೆಮಾತಿನ ದೇವಾಂಗ ನೇಕಾರರಿದ್ದಾರೆ. ಇವರೆಲ್ಲರದು ಒಂದೇ ರೀತಿ: ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಬರವಣಿಗೆಯೆಲ್ಲ ತಮಿಳಿನಲ್ಲಿ. ನನ್ನ ತಾಯಿ ಜೀವಮಾನವೆಲ್ಲ ಕನ್ನಡವನ್ನಾಡಿದರೂ ಕನ್ನಡದ ಒಂದಕ್ಷರವನ್ನು ಕಂಡವರಲ್ಲ. ನನ್ನನ್ನು ಮಾತ್ರ ಮೈಸೂರಿನ ಕಡೆಯ ಸೋದರಮಾವನವರ ಮನೆಯಲ್ಲಿ ಬಿಟ್ಟು ಓದಿಸಿದ್ದರಿಂದ ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದೆನು. ಅಕ್ಷರಗಳು ಕೈಗೆ ಬಂದವು, ಉಪಾಧ್ಯಾಯ ವೃತ್ತಿಯೂ ಬಂದಿತು. ಇದನ್ನಿಲ್ಲಿ ಹೇಳಲು ಕಾರಣವಿದೆ. ಲಂಡನ್ನಿನಲ್ಲಿ ನನ್ನ ಮೊಮ್ಮಗಳ ಸ್ಥಿತಿಯೂ ಇದೇ ಆಗಿದೆ. ಅವಳು ಕನ್ನಡವನ್ನು ಅರ್ಥ ಮಾಡಿಕೊಳ್ಳುತ್ತಾಳೆ, ಮನಸ್ಸು ಬಂದಾಗ ಆಡುತ್ತಾಳೆ, ಓದಲಾರಳು. ಎರಡು ತಿಂಗಳ ನನ್ನ ನಗರ ಸಂಚಾರಕ್ಕೆ ಅವಳೇ ಮಾರ್ಗದರ್ಶಿ.

ಲಂಡನ್ ಒಂದು ನಗರವೆಂದು ನಾವು ತಿಳಿದಿದ್ದೇವೆ. ಮೂಲದಲ್ಲಿ ಅದು ಎರಡು ನಗರಗಳು. ಥೇಮ್ಸ್ ನದಿಯ ಉತ್ತರ ದಡದಲ್ಲಿ ರೋಮನರು ಕ್ರಿ.ಶ. ಮೊದಲನೆಯ ಶತಮಾನದ ನಡುವೆ ಸ್ಥಾಪಿಸಿದ ಲಂಡೀನಿಯಂ ಎಂಬ ವ್ಯಾಪಾರದ ಪಟ್ಟಣವೇ ಇಂದಿನ 'ಸಿಟಿ'. ಒಂದು ಚದರ ಮೈಲಿಗಿಂತ ಸ್ವಲ್ಪವೇ ಹೆಚ್ಚು ವಿಸ್ತೀರ್ಣದ ಈ ಭಾಗ ಈಗಲೂ ತನ್ನದೇ ಆದ ಲಾರ್ಡ್ ಮೇಯರನ್ನೂ ಪೊಲೀಸರನ್ನೂ ಉಳಿಸಿಕೊಂಡಿದೆ. ಇಲ್ಲಿಂದ ಪಶ್ಚಿಮಕ್ಕೆ, ನದಿಯ ತಿರುವಿನಲ್ಲಿ, ರಾಜರ ಅರಮನೆಯನ್ನೂ ಮಠವನ್ನೂ ಆಶ್ರಯಿಸಿ ಬೆಳೆದದ್ದು ವೆಸ್ಟ್‌ಮಿನ್‌ಸ್ಟರ್. ಹಣವು ಒಂದೆಡೆ, ಅಧಿಕಾರವು ಮತ್ತೊಂದೆಡೆ. ನಡುವೆ ಒಂದೂವರೆ ಎರಡು ಮೈಲು. ಈ ಅಂತರದಿಂದಲೇ ಲಂಡನ್ನಿನ ಸ್ವಭಾವವು ರೂಪುಗೊಂಡಿತೆಂದು ನನ್ನ ಅಭಿಪ್ರಾಯ. ಅರಸನನ್ನು ಕೇಂದ್ರವಾಗಿಟ್ಟುಕೊಂಡು ನೇರ ಬೀದಿಗಳಲ್ಲಿ ಹರಡಿದ ರಾಜಧಾನಿ ಇದಲ್ಲ. ವರ್ತಕರು ತಮಗೆ ಬೇಕಾದಂತೆ ಬೆಳೆಸಿದ ಊರು. ಅರಸನು ಪಕ್ಕದ ಊರಿನವನು.

ಸಿಟಿಯ ಓಣಿಗಳಲ್ಲಿ ನಡೆಯುವಾಗ ನನಗೆ ಬೆಂಗಳೂರಿನ ಪೇಟೆಗಳು ನೆನಪಾದವು. ನಮ್ಮಲ್ಲಿ ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆಗಳಿರುವಂತೆ ಅಲ್ಲಿ ಬ್ರೆಡ್ ಸ್ಟ್ರೀಟ್, ಮಿಲ್ಕ್ ಸ್ಟ್ರೀಟ್, ಪೌಲ್ಟ್ರಿ, ಐರನ್‌ಮಂಗರ್ ಲೇನ್‌ಗಳಿವೆ. ರೊಟ್ಟಿಯವರೂ ಹಾಲಿನವರೂ ಕೋಳಿ ಮಾರುವವರೂ ಹೋಗಿ ಶತಮಾನಗಳಾದರೂ ಹೆಸರುಗಳು ಹೋಗಿಲ್ಲ. ಅವುಗಳಿಗೆ ಹೊಂದಿದ 'ಚೀಪ್‌ಸೈಡ್' ಎಂಬ ಬೀದಿಯ ಹೆಸರನ್ನು 'ಅಗ್ಗದ ಕಡೆ' ಎಂದು ನಾನು ಒಮ್ಮೆ ತರಗತಿಯಲ್ಲಿ ವಿವರಿಸಿದ್ದುಂಟು. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಸಂತೆ ಎಂದರ್ಥ. ಇದು ಮೊದಲನೆಯ ತಿದ್ದುಪಡಿ. ಬ್ರೆಡ್ ಸ್ಟ್ರೀಟಿನಲ್ಲಿಯೇ 1608ರಲ್ಲಿ ಕವಿ ಮಿಲ್ಟನ್ ಜನಿಸಿದನು.

ಅವನು ಹುಟ್ಟಿದ ಆ ಲಂಡನ್ನು ಇಂದು ಉಳಿದಿಲ್ಲ. 1666ರ ಸೆಪ್ಟೆಂಬರ್ 2ರಂದು ನಸುಕಿನಲ್ಲಿ ಪುಡ್ಡಿಂಗ್ ಲೇನ್ ಎಂಬ ಓಣಿಯ ಒಂದು ರೊಟ್ಟಿ ಅಂಗಡಿಯಲ್ಲಿ ಹತ್ತಿಕೊಂಡ ಬೆಂಕಿ ನಾಲ್ಕು ದಿನಗಳವರೆಗೆ ಉರಿದು, ಸುಮಾರು 13,200 ಮನೆಗಳನ್ನೂ 87 ಚರ್ಚುಗಳನ್ನೂ ಹಳೆಯ ಸೇಂಟ್ ಪಾಲ್ ದೇವಾಲಯವನ್ನೂ ಆಹುತಿ ತೆಗೆದುಕೊಂಡಿತು. ಅದರ ಜ್ಞಾಪಕಾರ್ಥವಾಗಿ ನಿಲ್ಲಿಸಿದ ಕಲ್ಲಿನ ಕಂಬದ ಎತ್ತರ 202 ಅಡಿ. ಬೆಂಕಿ ಹುಟ್ಟಿದ ಸ್ಥಳ ಕಂಬದಿಂದ 202 ಅಡಿ ದೂರದಲ್ಲಿದೆ. ಒಳಗೆ 311 ಮೆಟ್ಟಿಲುಗಳು. ನನ್ನ ಮೊಮ್ಮಗಳು ಹತ್ತಿ ಬಂದು, ಹತ್ತಿದವರಿಗೆ ಕೊಡುವ ಪ್ರಮಾಣಪತ್ರವನ್ನು ಕೆಳಗೆ ಕುಳಿತಿದ್ದ ನನಗೆ ತೋರಿಸಿದಳು. ಬೆಂಕಿಯ ನಂತರ ಸರ್ ಕ್ರಿಸ್ಟೊಫರ್ ರೆನ್ ಎಂಬ ಶಿಲ್ಪಿಯು ಸೇಂಟ್ ಪಾಲ್ ದೇವಾಲಯವನ್ನು 1675ರಿಂದ 1710ರವರೆಗೆ ಹೊಸದಾಗಿ ಕಟ್ಟಿದನು. 365 ಅಡಿ ಎತ್ತರದ ಆ ಗುಮ್ಮಟ ಎರಡನೆಯ ಮಹಾಯುದ್ಧದಲ್ಲಿ, ಸುತ್ತಲ ಕಟ್ಟಡಗಳೆಲ್ಲ ಬಾಂಬುಗಳಿಗೆ ಉರಿಯುತ್ತಿದ್ದ 1940ರ ಡಿಸೆಂಬರ್ 29ರ ರಾತ್ರಿಯೂ ಉಳಿದುಕೊಂಡಿತು. ರೆನ್ ತಾನು ಕಟ್ಟಿದ ದೇವಾಲಯದಲ್ಲಿಯೇ ಸಮಾಧಿಯಾಗಿದ್ದಾನೆ. ಬೆಂಕಿಯ ಮರುವಾರವೇ ಅವನು ಅಗಲವಾದ ನೇರ ಬೀದಿಗಳ ನಕ್ಷೆಯನ್ನು ದೊರೆಗೆ ಒಪ್ಪಿಸಿದ್ದನಂತೆ. ಮನೆ ಕಳೆದುಕೊಂಡವರು ತಮ್ಮ ತಮ್ಮ ನಿವೇಶನಗಳನ್ನು ಬಿಟ್ಟುಕೊಡಲಿಲ್ಲ. ಆದ್ದರಿಂದ ಊರು ಸುಟ್ಟುಹೋದರೂ ಓಣಿಗಳು ಮೊದಲಿದ್ದಂತೆಯೇ ಡೊಂಕಾಗಿ ಉಳಿದವು.

ವೆಸ್ಟ್‌ಮಿನ್‌ಸ್ಟರಿನ ಪಾರ್ಲಿಮೆಂಟ್ ಭವನವನ್ನು ಕಂಡವರು ಅದು ಬಹಳ ಪ್ರಾಚೀನವೆಂದು ಭ್ರಮಿಸುತ್ತಾರೆ. 1097ರ ಸುಮಾರಿಗೆ ಕಟ್ಟಿದ ವೆಸ್ಟ್‌ಮಿನ್‌ಸ್ಟರ್ ಹಾಲ್ ಎಂಬ ವಿಶಾಲ ಸಭಾಂಗಣವನ್ನು ಬಿಟ್ಟರೆ ಹೆಚ್ಚಿನ ಭಾಗವೆಲ್ಲ 19ನೆಯ ಶತಮಾನದ್ದು. ಹಳೆಯ ಭವನವು 1834ರ ಅಕ್ಟೋಬರ್ 16ರಂದು ಸುಟ್ಟುಹೋದ ಬಗೆ ವಿಚಿತ್ರವಾಗಿದೆ. ನಮ್ಮ ಹಳ್ಳಿಗಳಲ್ಲಿ ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಗೀಟು ಹಾಕುತ್ತಿದ್ದಂತೆ, ಇಂಗ್ಲೆಂಡಿನ ಖಜಾನೆಯವರು ಮರದ ಕಡ್ಡಿಗಳಲ್ಲಿ ಕಚ್ಚು ಕೊರೆದು ಲೆಕ್ಕವಿಡುತ್ತಿದ್ದರು. ಆ ಪದ್ಧತಿ 1826ರಲ್ಲಿ ನಿಂತಿತು. ಉಳಿದ ಕಡ್ಡಿಗಳ ರಾಶಿಯನ್ನು ಒಂದೇ ದಿನದಲ್ಲಿ ಒಲೆಗಳಿಗೆ ತುಂಬಿ ಸುಟ್ಟಾಗ, ಹೊಗೆಗೊಳವೆ ಕಾದು ಭವನವೇ ಹೊತ್ತಿಕೊಂಡಿತು. ಹಳೆಯ ಲೆಕ್ಕವು ರಾಜ್ಯಸಭೆಯನ್ನೇ ಸುಟ್ಟಿತು ಎಂದು ನಾನು ನಕ್ಕಾಗ ಮೊಮ್ಮಗಳು ನಗಲಿಲ್ಲ; ಗೋಡೆಯ ಮೇಲಿನ ಗೀಟುಗಳನ್ನು ಅವಳು ಕಂಡಿದ್ದರಲ್ಲವೆ?

ಎರಡನೆಯ ತಿದ್ದುಪಡಿ ಇಲ್ಲಿಗೆ ಸಂಬಂಧಿಸಿದ್ದು. 'ಬಿಗ್ ಬೆನ್' ಗಡಿಯಾರದ ಹೆಸರಲ್ಲ, ಗೋಪುರದ ಹೆಸರೂ ಅಲ್ಲ. ಅದು ಒಳಗಿರುವ 13.7 ಟನ್ ತೂಕದ ದೊಡ್ಡ ಗಂಟೆಯ ಹೆಸರು. ಗೋಪುರಕ್ಕೆ 2012ರಲ್ಲಿ ರಾಣಿ ಎಲಿಜಬೆತ್ ಅವರ ಹೆಸರನ್ನಿಟ್ಟರು. 1859ರಿಂದ ನಡೆಯುತ್ತಿರುವ ಆ ಗಡಿಯಾರವನ್ನು ತಿದ್ದುವ ಉಪಾಯ ವಿಜ್ಞಾನದ ಪಾಠಕ್ಕೆ ಬಹಳ ಯೋಗ್ಯವಾಗಿದೆ. ಲೋಲಕದ ಮೇಲೆ ಹಳೆಯ ಕಾಲದ ಒಂದು ಪೆನ್ನಿ ನಾಣ್ಯವನ್ನಿಟ್ಟರೆ ಗಡಿಯಾರವು ದಿನಕ್ಕೆ ಒಂದು ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗದಷ್ಟು ಮುಂದಕ್ಕೆ ಓಡುತ್ತದೆ. ತೆಗೆದರೆ ಅಷ್ಟೇ ಹಿಂದಕ್ಕೆ ಬೀಳುತ್ತದೆ. ನಾಣ್ಯವನ್ನಿಟ್ಟಾಗ ಲೋಲಕದ ಭಾರಕೇಂದ್ರವು ಕೂದಲೆಳೆಯಷ್ಟು ಮೇಲಕ್ಕೇರುವುದೇ ಇದಕ್ಕೆ ಕಾರಣ.

ಥೇಮ್ಸ್ ನದಿಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ, ಏಕೆಂದರೆ ನೀರಿನ ವಿಷಯವೆಂದರೆ ನಮ್ಮ ಕಣಿವೆಯವರಿಗೆ ಪ್ರಾಣದ ವಿಷಯ. ಇಂದು ದಡದಲ್ಲಿ ಜನ ವಿಹರಿಸುವ ಈ ನದಿ 19ನೆಯ ಶತಮಾನದ ನಡುವೆ ತೆರೆದ ಚರಂಡಿಯಾಗಿತ್ತು. ಲಕ್ಷಾಂತರ ಮನೆಗಳ ಹೊಲಸು ನದಿಗೆ; ಅದೇ ನದಿಯ ನೀರು ಕುಡಿಯಲಿಕ್ಕೆ. ಕಾಲರಾ ಮತ್ತೆ ಮತ್ತೆ ಬಂದಿತು. ಕೆಟ್ಟ ಗಾಳಿಯೇ ರೋಗಕ್ಕೆ ಕಾರಣವೆಂದು ವೈದ್ಯರು ನಂಬಿದ್ದಾಗ, ಜಾನ್ ಸ್ನೋ ಎಂಬ ವೈದ್ಯನು 1854ರಲ್ಲಿ ಬ್ರಾಡ್ ಸ್ಟ್ರೀಟಿನ ಒಂದು ಬೋರಿನ ಸುತ್ತ ಸತ್ತವರ ಮನೆಗಳನ್ನು ಗುರುತಿಸಿ, ರೋಗವು ನೀರಿನಿಂದ ಬರುತ್ತದೆಂದು ತೋರಿಸಿದನು. ಆದರೂ ಅಧಿಕಾರಿಗಳು ಎಚ್ಚೆತ್ತದ್ದು 1858ರ ಬೇಸಿಗೆಯಲ್ಲಿ, ನದಿಯ ದುರ್ವಾಸನೆ ಪಾರ್ಲಿಮೆಂಟ್ ಭವನದ ಒಳಗೇ ಹೊಕ್ಕು ಸದಸ್ಯರು ಮೂಗು ಮುಚ್ಚಿಕೊಳ್ಳಬೇಕಾಗಿ ಬಂದಾಗ. ಬಡವರ ಸಾವು ಮಾಡಲಾರದ ಕೆಲಸವನ್ನು ದೊಡ್ಡವರ ಮೂಗು ಮಾಡಿತು. ಜೋಸೆಫ್ ಬ್ಯಾಜಲ್‌ಜೆಟ್ ಎಂಬ ಎಂಜಿನಿಯರು ನದಿಗೆ ಸಮಾನಾಂತರವಾಗಿ ಸುಮಾರು 82 ಮೈಲು ಉದ್ದದ ಇಟ್ಟಿಗೆಯ ದೊಡ್ಡ ಒಳಚರಂಡಿಗಳನ್ನು ಕಟ್ಟಿ, ಹೊಲಸು ನಗರದ ಪೂರ್ವಕ್ಕೆ ದೂರ ಹೋಗುವಂತೆ ಮಾಡಿದನು. ನದಿಯ ಅಂಚನ್ನು ತುಂಬಿ ಕಟ್ಟಿದ ಎಂಬ್ಯಾಂಕ್‌ಮೆಂಟ್ ಎಂಬ ದಡಗಳ ಮೇಲೆ ಇಂದು ರಸ್ತೆಗಳೂ ಉದ್ಯಾನಗಳೂ ಇವೆ. ಆ ಚರಂಡಿಗಳು ಈಗಲೂ ಕೆಲಸ ಮಾಡುತ್ತಿವೆ. ಜನಸಂಖ್ಯೆ ಬೆಳೆದು ಅವು ಸಾಲದೆ ಹೋದುದರಿಂದ ನದಿಯ ಕೆಳಗೆ 25 ಕಿಲೋಮೀಟರ್ ಉದ್ದದ ಹೊಸ ಸುರಂಗವೊಂದನ್ನು ಕೊರೆದು 2025ರಲ್ಲಿ ಪೂರ್ತಿಯಾಗಿ ಜೋಡಿಸಿದ್ದಾರೆ.

ಆ ದಡಗಳಲ್ಲಿ ಒಂದಾದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಉದ್ಯಾನದಲ್ಲಿ ಬಸವೇಶ್ವರರ ಪ್ರತಿಮೆಯಿದೆ. ಲ್ಯಾಂಬೆತ್ ಎಂಬ ಆ ಭಾಗದ ಮಾಜಿ ಮೇಯರ್, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪಿತವಾದ ಇದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ನದಿಯಾಚೆ ಪಾರ್ಲಿಮೆಂಟ್ ಭವನ ಕಾಣುತ್ತದೆ. ಹಾಗಾಗಿ ಅನುಭವ ಮಂಟಪವನ್ನು ಪಾರ್ಲಿಮೆಂಟಿಗೆ ಹೋಲಿಸುವುದು ಸಭೆಗಳಲ್ಲಿ ವಾಡಿಕೆಯಾಗಿದೆ. ನನಗೆ ಆ ಹೋಲಿಕೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ತೆರಿಗೆಯನ್ನೂ ಯುದ್ಧವನ್ನೂ ನಿರ್ಣಯಿಸುವ ಸಭೆ ಒಂದು. ಮಡಿವಾಳನೂ ಅಂಬಿಗನೂ ತಮ್ಮ ಅನುಭವವನ್ನು ತಮ್ಮ ಮಾತಿನಲ್ಲಿಯೇ ಹೇಳಿ, ಅದು ಬರಹವಾಗಿ ಉಳಿಯುವಂತೆ ಮಾಡಿದ ಸಭೆ ಮತ್ತೊಂದು. ಎರಡನೆಯದೇ ಅಪರೂಪ. ಪ್ರತಿಮೆಯ ಮುಂದೆ ನಿಂತು ನಾನು ಇದನ್ನು ಮೊಮ್ಮಗಳಿಗೆ ವಿವರಿಸುತ್ತಿದ್ದಾಗ ಅವಳು, "ತಾತ, ಅವರ ಮಾತನ್ನು ಬರೆದಿಟ್ಟರು ಸರಿ. ನಿಮ್ಮ ಅಮ್ಮನ ಕನ್ನಡವನ್ನು ಯಾರಾದರೂ ಬರೆದಿಟ್ಟಿದ್ದಾರಾ?" ಎಂದು ಕೇಳಿದಳು. ಇಲ್ಲವೆಂದೆ. ಮೂವತ್ತು ವರ್ಷ ಮಕ್ಕಳಿಗೆ ಕಾಗುಣಿತ ಕಲಿಸಿದವನಿಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಕಣಿವೆಯ ಕನ್ನಡವನ್ನು ಅಶುದ್ಧವೆಂದು ತಿದ್ದಿಕೊಂಡೇ ನಾನು ಮೇಷ್ಟರಾದವನು. ಅಂದಿನಿಂದ ಒಂದು ನೋಟುಪುಸ್ತಕದಲ್ಲಿ ತಾಯಿಯ ಮಾತುಗಳನ್ನು ನೆನಪಾದಂತೆ ಬರೆಯುತ್ತಿದ್ದೇನೆ. ಅದರ ಮೊದಲ ಪುಟಗಳನ್ನು ಬರೆದದ್ದು ಥೇಮ್ಸ್ ದಡದ ಒಂದು ಬೆಂಚಿನ ಮೇಲೆ.

ಇನ್ನು ಟವರ್ ಕೋಟೆ. ವಿಲಿಯಂ ದೊರೆಯು 11ನೆಯ ಶತಮಾನದ ಕೊನೆಯಲ್ಲಿ ಆರಂಭಿಸಿದ ಈ ಕೋಟೆ ಅರಮನೆಯಾಗಿ, ಸೆರೆಮನೆಯಾಗಿ, ಟಂಕಸಾಲೆಯಾಗಿ ಕೊನೆಗೆ ರಾಜಾಭರಣಗಳ ಭಂಡಾರವಾಗಿದೆ. 1849ರಲ್ಲಿ ಲಾಹೋರಿನ ಒಪ್ಪಂದದ ಮೇರೆಗೆ ಹತ್ತು ವರ್ಷದ ಬಾಲಕ ದುಲೀಪ್ ಸಿಂಗನಿಂದ ಪಡೆದ ಕೊಹಿನೂರ್ ವಜ್ರ ಇಲ್ಲಿದೆ. 2023ರ ಮೇ ತಿಂಗಳ ಪಟ್ಟಾಭಿಷೇಕದಲ್ಲಿ ರಾಣಿಯವರು ಆ ವಜ್ರವಿದ್ದ ಕಿರೀಟವನ್ನು ಧರಿಸಲಿಲ್ಲ. ಜನರ ಸಾಲು ದೊಡ್ಡದು, ನೋಡಲು ಸಿಕ್ಕುವ ಸಮಯ ಚಿಕ್ಕದು. ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಕೋಟೆಯ ಪಕ್ಕದ ಟವರ್ ಬ್ರಿಜ್. ಹಡಗು ಬಂದಾಗ ಎರಡು ಭಾಗವಾಗಿ ಮೇಲೇಳುವ ಈ ಸೇತುವೆಯ ಕೆಲಸ 1886ರಲ್ಲಿ ಆರಂಭವಾಗಿ 1894ರಲ್ಲಿ ಮುಗಿಯಿತು. ಅದೇ 1886ರಲ್ಲಿ ತಿರುವಾಂಕೂರಿನ ಮಹಾರಾಜರೊಡನೆ 999 ವರ್ಷಗಳ ಕರಾರು ಆಗಿ, 1895ರಲ್ಲಿ ನಮ್ಮ ಪೆರಿಯಾರ್ ಅಣೆಕಟ್ಟು ಮುಗಿಯಿತು. ಒಂದೇ ಕಾಲದ ಎರಡು ಕೆಲಸಗಳು. ಒಂದು ರಾಜಧಾನಿಯ ನಡುವೆ, ಉಗಿಯಂತ್ರಗಳ ನೆರವಿನಿಂದ. ಮತ್ತೊಂದು ಆನೆಗಳೂ ಮಲೇರಿಯಾವೂ ತುಂಬಿದ ಕಾಡಿನಲ್ಲಿ. ಮೊದಲನೆಯದರ ಚಿತ್ರ ಲೋಕದ ಎಲ್ಲ ಮಕ್ಕಳ ಪುಸ್ತಕಗಳಲ್ಲಿದೆ.

ದಿಂಡಿಗಲ್ಲಿನ ಬಂಡೆಯ ಮೇಲಿನ ಕೋಟೆಯನ್ನು ನಮ್ಮ ಶಾಲೆಯ ಪ್ರವಾಸದಲ್ಲಿ ನೋಡಿದವರಿಗೆ ಮುಂದಿನ ವಿಷಯ ಹಿಡಿಸಬಹುದು. ಮಧುರೆಯ ನಾಯಕರು ಕಟ್ಟಿದ ಆ ಕೋಟೆಗೆ 1755ರಲ್ಲಿ ಮೈಸೂರಿನವರು ಫೌಜುದಾರನಾಗಿ ಕಳುಹಿಸಿದ್ದು ಹೈದರಾಲಿಯನ್ನು. ಅಕ್ಷರ ಬಾರದ ಆ ಸೇನಾನಿ ಫ್ರೆಂಚ್ ಕುಶಲಿಗಳನ್ನು ಕರೆಸಿ ಅಲ್ಲಿಯೇ ಶಸ್ತ್ರಾಗಾರವನ್ನು ಸ್ಥಾಪಿಸಿಕೊಂಡನು. ಮೈಸೂರಿನ ಗದ್ದುಗೆಯ ಕಡೆಗೆ ಅವನು ಇಟ್ಟ ಮೊದಲ ದೊಡ್ಡ ಹೆಜ್ಜೆ ದಿಂಡಿಗಲ್ಲು. 1790ರಲ್ಲಿ ಇಂಗ್ಲಿಷರು ಆ ಕೋಟೆಯನ್ನು ಹಿಡಿದರು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟೀಪು ಸುಲ್ತಾನನು ಅದನ್ನು ಬಿಟ್ಟುಕೊಡಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣವೇ ಬಿದ್ದಾಗ ಅರಮನೆಯ ಸಂಗೀತಶಾಲೆಯಲ್ಲಿ ಸಿಕ್ಕಿದ ಮರದ ಹುಲಿ ಲಂಡನ್ನಿಗೆ ಬಂದಿತು.

ದಕ್ಷಿಣ ಕೆನ್ಸಿಂಗ್‌ಟನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ನಾನು ಅದನ್ನು ಕಂಡೆನು. ಉದ್ದ ಸುಮಾರು 178 ಸೆಂಟಿಮೀಟರ್. ಕೆಳಗೆ ಬಿದ್ದ ಐರೋಪ್ಯ ಸಿಪಾಯಿಯ ಕುತ್ತಿಗೆಗೆ ಬಾಯಿ ಹಾಕಿದ ಹುಲಿ. ಅದರೊಳಗೆ ತಿದಿಗಳೂ ಕೊಳವೆಗಳೂ ಇವೆ; ಹಿಡಿಯನ್ನು ತಿರುಗಿಸಿದರೆ ಮನುಷ್ಯನ ಕೈ ಮೇಲೇಳುತ್ತದೆ, ನರಳುವ ದನಿಯೂ ಹುಲಿಯ ಗುರುಗುಟ್ಟುವಿಕೆಯೂ ಹೊರಡುತ್ತವೆ. 1808ರಿಂದ ಇದು ಲೆಡನ್‌ಹಾಲ್ ಬೀದಿಯಲ್ಲಿದ್ದ ಈಸ್ಟ್ ಇಂಡಿಯಾ ಕಂಪೆನಿಯ ಭವನದಲ್ಲಿ ಪ್ರದರ್ಶಿತವಾಗಿದ್ದು, ಬಂದವರೆಲ್ಲ ಹಿಡಿಯನ್ನು ತಿರುಗಿಸಿ ಪಕ್ಕದ ಪುಸ್ತಕಶಾಲೆಯಲ್ಲಿ ಓದುವವರನ್ನು ಬಹಳ ಕಾಡಿದರಂತೆ. ಕಂಪೆನಿ ಹೋಯಿತು, ಆ ಭವನವನ್ನು 1861ರಲ್ಲಿ ಕೆಡವತೊಡಗಿದರು, ಅದರ ಜಾಗದಲ್ಲಿ ಈಗ ಲಾಯ್ಡ್ಸ್ ಎಂಬ ವಿಮಾ ಸಂಸ್ಥೆಯ ಕಟ್ಟಡವಿದೆ. ಹುಲಿ 1880ರಲ್ಲಿ ಈ ಸಂಗ್ರಹಾಲಯವನ್ನು ಸೇರಿತು. ಮಹಾಯುದ್ಧದಲ್ಲಿ ಛಾವಣಿ ಬಿದ್ದು ಚೂರಾಗಿದ್ದುದನ್ನು ಮತ್ತೆ ಜೋಡಿಸಿದ್ದಾರೆ.

ಈ ವಸ್ತು ಅಲ್ಲಿರುವುದು ನ್ಯಾಯವೇ ಎಂದು ನನ್ನನ್ನು ಕೇಳಿದವರಿದ್ದಾರೆ. ಗೆದ್ದವರು ಹೊತ್ತೊಯ್ದದ್ದು ಲೂಟಿ. ಅದಕ್ಕೆ ಬೇರೆ ಹೆಸರಿಲ್ಲ. ಆದರೆ ಅದನ್ನು ನೋಡಲು ಯಾರೂ ಒಂದು ಪೆನ್ನಿಯನ್ನೂ ಕೇಳುವುದಿಲ್ಲ, ಅದು ಹೇಗೆ ಬಂದಿತೆಂಬುದನ್ನು ಪಕ್ಕದಲ್ಲಿಯೇ ಬರೆದಿದ್ದಾರೆ ಎಂಬುದನ್ನೂ ಹೇಳಬೇಕು. ಅದೇ ಹೊತ್ತಿಗೆ, ನಮ್ಮ ಊರಿನ ಕಡೆಯ ವೀರಗಲ್ಲುಗಳ ಮೇಲೆ ಬಟ್ಟೆ ಒಗೆಯುವುದನ್ನು ಕಂಡ ಕಣ್ಣು ನನ್ನದು. ಕೊಂಡೊಯ್ದವರ ಮೇಲಿನ ಸಿಟ್ಟೂ ಉಳಿಸಿಕೊಳ್ಳದವರ ಮೇಲಿನ ನಾಚಿಕೆಯೂ ಒಟ್ಟಿಗೆ ಬಂದು, ಆ ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದೆನು. ಕಾವಲಿನವನು ಕುರ್ಚಿ ತಂದುಕೊಟ್ಟನು.

ಬ್ರಿಟಿಷ್ ಮ್ಯೂಸಿಯಂ, ಬ್ರಿಟಿಷ್ ಲೈಬ್ರರಿ, ಚಿತ್ರಶಾಲೆಗಳು ಇವುಗಳನ್ನೆಲ್ಲ ವಿವರಿಸಲು ಇಲ್ಲಿ ಸ್ಥಳವಿಲ್ಲ. ಲೈಬ್ರರಿಯಲ್ಲಿ ಕನ್ನಡದ ಓಲೆಗರಿಗಳೂ ಹಳೆಯ ಅಚ್ಚಿನ ಪುಸ್ತಕಗಳೂ ಇವೆಯೆಂಬುದನ್ನು ಸಂಶೋಧನೆ ಮಾಡಬಯಸುವ ತರುಣರು ಗಮನಿಸಬೇಕು.

ವ್ಯಾಪಾರದ ವಿಷಯ ಬಂದಾಗ ಮಿನ್ಸಿಂಗ್ ಲೇನ್ ಎಂಬ ಓಣಿಯನ್ನು ಹೇಳದಿರಲಾಗದು. ಏಲಕ್ಕಿಯ ಹರಾಜಿಗೆ ನಮ್ಮ ಬೋಡಿನಾಯಕನೂರು ಹೇಗೋ, ಒಂದು ಕಾಲದಲ್ಲಿ ಚಹಾ ಮತ್ತು ಸಂಬಾರ ಪದಾರ್ಥಗಳಿಗೆ ಲೋಕದಲ್ಲಿ ಆ ಓಣಿ ಹಾಗಿತ್ತು. ಮೂರು ಶತಮಾನಗಳಿಗೂ ಹೆಚ್ಚು ಕಾಲ ನಡೆದ ಲಂಡನ್ನಿನ ಚಹಾ ಹರಾಜು 1998ರ ಜೂನ್ 29ರಂದು ಕೊನೆಗೊಂಡಿತು. ಬೆಳೆಯುವ ದೇಶಗಳಲ್ಲಿಯೇ ಈಗ ಬೆಲೆ ಕಟ್ಟುತ್ತಾರೆ. ಈ ಒಂದು ವಿಷಯದಲ್ಲಿ ಬೋಡಿ ಉಳಿಯಿತು, ಲಂಡನ್ ಸೋತಿತು.

ದ್ರಾಕ್ಷಿಯದು ಇನ್ನೂ ಸ್ವಾರಸ್ಯಕರ. ನಗರದ ಪಶ್ಚಿಮದಲ್ಲಿ ಹ್ಯಾಂಪ್‌ಟನ್ ಕೋರ್ಟ್ ಎಂಬ ಅರಮನೆಯಿದೆ. ಅಲ್ಲಿನ ಗಾಜಿನ ಮನೆಯಲ್ಲಿ 1768ರ ಸುಮಾರಿಗೆ ನೆಟ್ಟ ಒಂದು ದ್ರಾಕ್ಷಿ ಬಳ್ಳಿ ಇಂದಿಗೂ ಫಲ ಕೊಡುತ್ತಿದೆ. ಆ ಜಾತಿಯ ಹೆಸರು ಬ್ಲ್ಯಾಕ್ ಹ್ಯಾಂಬರ್ಗ್. ಅದನ್ನು ಮಸ್ಕಟ್ ಜಾತಿಯ ಮತ್ತೊಂದು ದ್ರಾಕ್ಷಿಯೊಡನೆ ಕೂಡಿಸಿದಾಗ ಹುಟ್ಟಿದ್ದು ಮಸ್ಕಟ್ ಹ್ಯಾಂಬರ್ಗ್. ಅದೇ ನಮ್ಮ ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿ! 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಹಣ್ಣು. ನಮ್ಮ ತೋಟದ ಬಳ್ಳಿಯ ತಾಯಿಯ ಮನೆ ಅಂತಹ ಅರಮನೆಯೆಂಬುದನ್ನು ಊರಿಗೆ ಬಂದು ಹೇಳಿದಾಗ ನನ್ನ ತಮ್ಮ, "ಅರಮನೆಯ ಬಳ್ಳಿ ವರ್ಷಕ್ಕೆ ಒಂದು ಬೆಳೆ ತಾನೆ? ನಮ್ಮದು ಅದಕ್ಕಿಂತ ಹೆಚ್ಚು" ಎಂದು ತಳ್ಳಿಹಾಕಿದನು.

ನಗರದ ಜನರ ಸ್ವಭಾವದ ಬಗೆಗೆ ಎರಡು ಮಾತು. ಸಾಲಿನಲ್ಲಿ ನಿಲ್ಲುವುದು ಅವರಿಗೆ ಧರ್ಮವಿದ್ದಂತೆ. 1863ರ ಜನವರಿಯಲ್ಲಿ ಲೋಕದ ಮೊದಲ ನೆಲದಡಿಯ ರೈಲು ಓಡಿದ್ದು ಇಲ್ಲಿಯೇ. ಆ ರೈಲಿನೊಳಗೆ ನೂರು ಜನ ಒತ್ತಿಕೊಂಡು ನಿಂತಿದ್ದರೂ ಒಬ್ಬರೂ ಮಾತನಾಡುವುದಿಲ್ಲ. ಮೊದಲ ವಾರ ಇದು ಗರ್ವವೆಂದು ಭಾವಿಸಿದ್ದೆ. ನಂತರ ತಿಳಿಯಿತು, ಇಕ್ಕಟ್ಟಿನಲ್ಲಿ ಪರರಿಗೆ ಬಿಟ್ಟುಕೊಡುವ ಏಕಾಂತವದು. ಒಮ್ಮೆ ಮಗಳೂ ಮೊಮ್ಮಗಳೂ ಹತ್ತಿದ ರೈಲಿನ ಬಾಗಿಲು ನನ್ನ ಮುಂದೆಯೇ ಮುಚ್ಚಿಕೊಂಡು ಹೊರಟುಹೋಯಿತು. ಮಾತನಾಡದ ಆ ಜನರಲ್ಲಿ ಮೂವರು ಕೂಡಲೆ ನನ್ನ ಬಳಿಗೆ ಬಂದು, ಮುಂದಿನ ನಿಲ್ದಾಣದವರೆಗೆ ಕರೆತಂದು ಒಪ್ಪಿಸಿದರು. ಆ ಮೂವರಲ್ಲಿ ಒಬ್ಬರಾದರೂ ಅಲ್ಲಿಯೇ ಹುಟ್ಟಿದವರೆಂದು ನನಗನ್ನಿಸಲಿಲ್ಲ. ಸುಮಾರು 88 ಲಕ್ಷ ಜನರ ಈ ನಗರದ ಶಾಲೆಗಳಲ್ಲಿ ಮುನ್ನೂರಕ್ಕೂ ಹೆಚ್ಚು ಮನೆಮಾತುಗಳ ಮಕ್ಕಳಿದ್ದಾರೆ. ಕನ್ನಡಿಗರು ಕಟ್ಟಿಕೊಂಡ 'ಕನ್ನಡ ಬಳಗ' 1983ರಿಂದ ನಡೆಯುತ್ತಿದೆ. ಲಂಡನ್ ಎಂದರೆ ಮಂಜು ಮುಸುಕಿದ ಊರೆಂದು ನಾನು ಪಾಠ ಹೇಳಿದ್ದೆ. ಅದು ಕಲ್ಲಿದ್ದಲ ಹೊಗೆ ಬೆರೆತ ಮಂಜು. 1952ರ ಡಿಸೆಂಬರಿನಲ್ಲಿ ಐದು ದಿನ ಕವಿದು ಸಾವಿರಾರು ಜನರನ್ನು ಕೊಂದಿತು. 1956ರ ಕಾಯಿದೆಯ ನಂತರ ಕ್ರಮೇಣ ಮಾಯವಾಯಿತು. ಇದು ಮೂರನೆಯ ತಿದ್ದುಪಡಿ.

ಗ್ರೀನಿಚ್ ಬೆಟ್ಟದ ವೇಧಶಾಲೆ ಭೂಗೋಳದ ಮೇಷ್ಟರಿಗೆ ಕಾಶಿಯಿದ್ದಂತೆ. 1884ರಲ್ಲಿ ಹಲವು ರಾಷ್ಟ್ರಗಳವರು ವಾಷಿಂಗ್‌ಟನ್ನಿನಲ್ಲಿ ಸೇರಿ ಸೊನ್ನೆ ರೇಖಾಂಶವೆಂದು ಒಪ್ಪಿದ ಗೆರೆ ಅಲ್ಲಿನ ನೆಲದಲ್ಲಿದೆ. ಗೆರೆಯ ಎರಡು ಕಡೆ ಎರಡು ಕಾಲಿಟ್ಟು ನಿಂತು ಮೊಮ್ಮಗಳಿಗೆ ಲೆಕ್ಕ ಹೇಳಿಸಿದೆ. ತೇನಿ ಇರುವುದು ಸುಮಾರು 77½ ಡಿಗ್ರಿ ಪೂರ್ವದಲ್ಲಿ. ಡಿಗ್ರಿಗೆ 4 ನಿಮಿಷದಂತೆ 310 ನಿಮಿಷ, ಅಂದರೆ 5 ಗಂಟೆ 10 ನಿಮಿಷ. ನಮ್ಮ ದೇಶದ ಗಡಿಯಾರವನ್ನು 82½ ಡಿಗ್ರಿಗೆ ಹೊಂದಿಸಿರುವುದರಿಂದ ವ್ಯತ್ಯಾಸ ಐದೂವರೆ ಗಂಟೆ. ಆದುದರಿಂದ ತೇನಿಯಲ್ಲಿ ಸೂರ್ಯನು ನೆತ್ತಿಗೆ ಬರುವುದು ಸರಾಸರಿ 12 ಗಂಟೆ 20 ನಿಮಿಷಕ್ಕೆ. ಹುಡುಗಿ ಲೆಕ್ಕವನ್ನು ಸರಿಯಾಗಿಯೇ ಮಾಡಿದಳು. ಆಮೇಲೆ ತನ್ನ ಮೊಬೈಲ್ ಫೋನನ್ನು ಗೆರೆಯ ಮೇಲಿಟ್ಟು, "ತಾತ, ಇದರಲ್ಲಿ ಸೊನ್ನೆ ಬರುತ್ತಿಲ್ಲವಲ್ಲ!" ಎಂದಳು. ಅವಳು ಹೇಳಿದ್ದು ನಿಜ. ಉಪಗ್ರಹಗಳು ಲೆಕ್ಕಕ್ಕೆ ಹಿಡಿಯುವ ಸೊನ್ನೆಯ ಗೆರೆ ಅಲ್ಲಿಂದ ಸುಮಾರು 102 ಮೀಟರ್ ಪೂರ್ವಕ್ಕೆ, ಉದ್ಯಾನದ ಹುಲ್ಲಿನ ಮೇಲೆ ಹಾದುಹೋಗುತ್ತದೆ. ಹಿಂದಿನವರು ದೂರದರ್ಶಕವನ್ನು ಆ ಸ್ಥಳದ ಗುರುತ್ವಕ್ಕೆ ತೂಗಿ ಹೊಂದಿಸಿದ್ದರು. ಉಪಗ್ರಹಗಳು ಭೂಮಿಯ ನಡುಬಿಂದುವಿನಿಂದ ಅಳೆಯುತ್ತವೆ. ನಾಲ್ಕನೆಯ ತಿದ್ದುಪಡಿಯನ್ನು ಮಾಡಿಸಿದವಳು ಅವಳೇ.

ಕೊನೆಯ ತಿದ್ದುಪಡಿಯೇ ಎಲ್ಲಕ್ಕಿಂತ ಕಷ್ಟದ್ದು. ಲಂಡನ್ನಿನ ನೈರುತ್ಯಕ್ಕೆ ರೈಲಿನಲ್ಲಿ ಹೋದರೆ ಕ್ಯಾಂಬರ್ಲಿ ಎಂಬ ಚಿಕ್ಕ ಊರು. ಪೆರಿಯಾರ್ ಅಣೆಕಟ್ಟನ್ನು ಕಟ್ಟಿಸಿದ ಕರ್ನಲ್ ಜಾನ್ ಪೆನ್ನಿಕ್ವಿಕ್ ತೀರಿಕೊಂಡದ್ದು ಅಲ್ಲಿ, 1911ರ ಮಾರ್ಚ್ 9ರಂದು. 2022ರಲ್ಲಿ ತಮಿಳುನಾಡು ಸರ್ಕಾರದವರು ಅಲ್ಲಿ ಅವರ ಪ್ರತಿಮೆಯನ್ನು ಸ್ಥಾಪಿಸಿದ್ದಾರೆ. ಪಕ್ಕದ ಫ್ರಿಮ್ಲಿಯ ಸೇಂಟ್ ಪೀಟರ್ ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯಿದೆ. 1876ರಿಂದ 78ರವರೆಗಿನ ಮಹಾ ಕ್ಷಾಮದ ನಂತರ, ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತಿದ್ದ ಪೆರಿಯಾರ್ ನದಿಯನ್ನು ತಡೆದು, ಬೆಟ್ಟದಲ್ಲಿ ಸುಮಾರು ಒಂದು ಮೈಲು ಸುರಂಗ ಕೊರೆದು, ಪೂರ್ವದ ವೈಗೈ ನದಿಯ ಕಡೆಗೆ ತಿರುಗಿಸಿದ ಸಾಹಸ ಅವರದು. ಸುಣ್ಣ ಮತ್ತು ಸುರ್ಕಿ ಗಾರೆಯ ಆ ಕಟ್ಟಡದಿಂದ ನಮ್ಮ ಕಣಿವೆ ಎರಡು ಬೆಳೆ ಕಂಡಿತು. ಅವರ ಹುಟ್ಟಿದ ದಿನವಾದ ಜನವರಿ 15ರಂದು ನಮ್ಮ ಕಡೆ ಅವರ ಹೆಸರಿನಲ್ಲಿ ಪೊಂಗಲಿಡುತ್ತಾರೆ. ಮನೆಯ ಮಕ್ಕಳಿಗೆ ಅವರ ಹೆಸರನ್ನಿಡುತ್ತಾರೆ.

ಅರ್ಧ ಕಟ್ಟಿದ ಅಣೆಕಟ್ಟು ಪ್ರವಾಹದಲ್ಲಿ ಕೊಚ್ಚಿಹೋಯಿತು, ಸರ್ಕಾರ ಹಣ ಕೊಡಲು ನಿರಾಕರಿಸಿತು, ಅವರು ಇಂಗ್ಲೆಂಡಿನ ಆಸ್ತಿಯನ್ನೂ ಹೆಂಡತಿಯ ಒಡವೆಯನ್ನೂ ಮಾರಿ ಕೆಲಸ ಮುಗಿಸಿದರು: ನಾನು ಬಾಲ್ಯದಲ್ಲಿ ಕೇಳಿದ, ಈ ಶಾಲೆಯ ಮಕ್ಕಳಿಗೆ ಕಣ್ಣೀರು ಬರುವಂತೆ ಹೇಳಿದ ಕಥೆ ಇದು. ಪ್ರವಾಹ ನಿಜ. ಆದರೆ ಕೆಲಸವು ಮದರಾಸು ಸರ್ಕಾರದ ಲೋಕೋಪಯೋಗಿ ಇಲಾಖೆಯದು, ಹಣವೂ ಸರ್ಕಾರದ್ದು. ಅಲ್ಲಿಯೇ ಕೆಲಸ ಮಾಡಿದ ಎ.ಟಿ. ಮೆಕೆಂಜಿ ಎಂಬ ಎಂಜಿನಿಯರು 1899ರಲ್ಲಿ ಪ್ರಕಟಿಸಿದ ಯೋಜನೆಯ ಚರಿತ್ರೆಯೇ ಇದೆ. ಆಸ್ತಿ ಮಾರಿದ ಕಥೆಗೆ ದಾಖಲೆಯ ಆಧಾರವಿಲ್ಲವೆಂದು ಚರಿತ್ರಕಾರರು ಹೇಳುತ್ತಾರೆ. ಸಮಾಧಿಯ ಮುಂದೆ, ಊರಿನಿಂದ ತಂದಿದ್ದ ಒಂದು ಹಿಡಿ ಭತ್ತವನ್ನಿಟ್ಟು ಕೈಮುಗಿದಾಗಲೂ ಈ ವಿಷಯ ನನ್ನನ್ನು ಬಾಧಿಸುತ್ತಿತ್ತು. ಕಥೆಯನ್ನು ತೆಗೆದರೆ ಆ ಮನುಷ್ಯರು ಕಿರಿದಾಗುತ್ತಾರೆಯೆ? ಕಾಡಿನಲ್ಲಿ ಎಂಟು ವರ್ಷ ಮಳೆಗೂ ಜ್ವರಕ್ಕೂ ಎದುರಾಗಿ ನಿಂತು ಕೆಲಸ ಮುಗಿಸಿದ್ದು ಸಾಲದೆ? ಅದಲ್ಲದೆ, ಅಲ್ಲಿ ಮಲೇರಿಯಾದಿಂದ ಸತ್ತ ಕೂಲಿಗಳಿದ್ದಾರೆ. ಒಡವೆಯ ಕಥೆಯಲ್ಲಿ ಅವರಿಗೆ ಸ್ಥಳವೇ ಇರಲಿಲ್ಲ.

2024ರ ಜನವರಿ 15ರಂದು ಊರಿನ ಪೊಂಗಲ್ ಸಭೆಯಲ್ಲಿ, ಲಂಡನ್ ನೋಡಿ ಬಂದವರೆಂದು ನನ್ನನ್ನು ಮಾತನಾಡಲು ಕರೆದರು. ಸಮಾಧಿಯನ್ನೂ ಪ್ರತಿಮೆಯನ್ನೂ ವರ್ಣಿಸಿ, ಕೊನೆಗೆ ಈ ತಿದ್ದುಪಡಿಯನ್ನೂ ಹೇಳಿ, ಸತ್ತ ಕೂಲಿಗಳ ಹೆಸರಿನಲ್ಲಿಯೂ ಒಂದು ದೀಪ ಹಚ್ಚಬೇಕೆಂದೆ. ಸಭೆ ಮೌನವಾಯಿತು. ಮುಂದಿನ ಸಾಲಿನಲ್ಲಿದ್ದ ಹಿರಿಯ ರೈತರೊಬ್ಬರು ನಮ್ಮ ಮನೆಮಾತಿನ ಕನ್ನಡದಲ್ಲಿಯೇ, ಸಾಹೇಬರು ತಮ್ಮ ದುಡ್ಡು ಹಾಕಿರಲಿ ಬಿಡಲಿ, ಅವರ ಮುಂದೆ ನೀನು ಹೀಗೆ ಲೆಕ್ಕ ತೆಗೆಯಬಾರದಿತ್ತು ಮೇಷ್ಟರೆ ಎಂದರು. ದೀಪವನ್ನು ಮಾತ್ರ ಅವರೇ ಎದ್ದು ಹಚ್ಚಿದರು. ಮರುವರ್ಷದ ಸಭೆಗೆ ನನಗೆ ಕರೆ ಬರಲಿಲ್ಲ. ಎರಡು ದೀಪ ಹಚ್ಚಿದರೆಂದು ತಮ್ಮನು ಬಂದು ತಿಳಿಸಿದನು.